ಒಳಮಡಿಕೆ

ತಾಳವಾಡಿ ಸಂತೆಬೀದಿಯಲ್ಲಿ ನನ್ನ ಅಂಗಡಿ.
ಬೋರ್ಡು ತಮಿಳಿನಲ್ಲಿದೆ, ಅಳತೆಪುಸ್ತಕ ಕನ್ನಡದಲ್ಲಿ.
ಇಪ್ಪತ್ತಾರು ವರ್ಷದಿಂದ ಈ ಊರಿನ
ಎದೆ ಸೊಂಟ ತೋಳುಗಳೆಲ್ಲ
ನನ್ನ ಕೈಬರಹದಲ್ಲಿವೆ.
ಯಾರು ಬಡಕಲಾದರು, ಯಾರು ಬಸುರಾದರು,
ಬಾಯಿಗೆ ಬರುವ ಮುಂಚೆ ಟೇಪಿಗೆ ಗೊತ್ತಾಗಿರುತ್ತದೆ.

ಜೂನಿನಲ್ಲಿ ಒಬ್ಬಳು ಬಂದಳು, ವೆಣ್ಣಿಲಾ ಅಂತ,
ಕೊಯಮತ್ತೂರಿನ ಕಡೆಯವಳು. ಮರ ಅಳೆಯುವ ಓದಂತೆ.
ಮೂವತ್ತು ಚೀಲ ಬೇಕು, ಖಾಕಿ ರೆಕ್ಸಿನ್ನಿನಲ್ಲಿ,
ಮಳೆ ಒಳಗೆ ಬರಬಾರದು,
ಕೋತಿಗೆ ಗುಂಡಿ ಬಿಚ್ಚಲು ಬರಬಾರದು, ಅಂದಳು.
ಯಾರಿಗೆ ಈ ಅಂಗಿ?
ಯಂತ್ರಕ್ಕೆ.
ಯಂತ್ರ ಯಾರಿಗೆ?
ಮರಕ್ಕೆ.

ಮೈ ನೋಡದೆ ನಾನು ಕತ್ತರಿ ಹಾಕಿದವಳಲ್ಲ.
ಜೀಪು ಹತ್ತಿದೆ.

ತಲಮಲೆ ದಾಟಿ ಮಣ್ಣುದಾರಿ. ಮುಂದೆ ಕಾವಲಿನ ಜಡೇಮಾದ,
ಆನೆಲದ್ದಿಯನ್ನು ಕಾಲಲ್ಲಿ ಮುಟ್ಟಿ ನೋಡಿ
‘ನೆನ್ನೇದು, ಬನ್ನಿ’ ಅನ್ನುತ್ತ.
ಹನ್ನೊಂದನೇ ನಂಬರಿನ ಹೊನ್ನೆ.
ಎದೆಮಟ್ಟಕ್ಕೆ ಒಂದು ಕಬ್ಬಿಣದ ಚೌಕಟ್ಟು, ಅದರೊಳಗಿಂದ
ಸಣ್ಣ ಸರಳೊಂದು ತೊಗಟೆಗೆ ತಾಗಿಯೂ ತಾಗದ ಹಾಗೆ,
ರವಿಕೆ ಅಳತೆಗೆ ನಾನು ಬೆರಳಿಡುವ ಹಾಗೆ.

ಟೇಪು ತೆಗೆದು ನಾನೂ ಸುತ್ತಿದೆ, ಸುಮ್ಮನೆ.
ಜಡೇಮಾದ ಆಚೆಯಿಂದ ತುದಿ ಕೊಟ್ಟ.
ಐವತ್ತೆಂಟಕ್ಕೆ ಎರಡು ಗೆರೆ ಕಮ್ಮಿ, ಅಂದೆ.
ಹುಡುಗಿ ನಕ್ಕಳು:
ಅಕ್ಕಾ, ಇದು ಎಷ್ಟು ಗಂಟೆಯ ಅಳತೆ?

ಅವಳ ತಮಿಳಿನಿಂದ ನನ್ನ ಕನ್ನಡಕ್ಕೆ ಇಳಿದದ್ದು ಇಷ್ಟು.
ಹಗಲು ಎಲೆಗಳೆಲ್ಲ ಸೇರಿ ನೀರೆಳೆಯುತ್ತವೆ.
ಬೇರಿನಿಂದ ತುದಿಯವರೆಗೆ ನೀರಿನ ನೂಲು
ಬಾಬಿನ್ನಿನ ದಾರದಂತೆ ಬಿಗಿಯುತ್ತದೆ.
ಬೇರು ಕೊಡುವುದಕ್ಕಿಂತ ಗಾಳಿ ಕುಡಿಯುವುದು ಜಾಸ್ತಿ.
ಮರ ಸಣ್ಣಗಾಗುತ್ತದೆ,
ಕೂದಲೆಳೆಯಷ್ಟು.
ಬಿಸಿಲಲ್ಲಿ ಬರೀ ಅಡುಗೆ. ಮೈ ಹಿಡಿಯುವುದು ರಾತ್ರಿ,
ಗಾಳಿ ತೇವವಾಗಿ ನೂಲು ಸಡಿಲಿದ ಮೇಲೆ.
ಅದೂ ಎಲ್ಲ ರಾತ್ರಿಯಲ್ಲ.
ಈ ಹೊನ್ನೆ ಹೋದ ವರ್ಷ ಬೆಳೆದದ್ದು ನಲವತ್ತೇ ರಾತ್ರಿ.
ಉಳಿದ ದಿನ ಏನು ಮಾಡಿತು?
ಇತ್ತು, ಅಂದಳು.

ಬಣ್ಣಾರಿಯಲ್ಲಿ ಗೇಟು ಹಾಕಿದ ಮೇಲೆ,
ಹಾಸನೂರಿನಾಚೆ ಕೋಸಿನ ಲಾರಿಗಳು ಸಾಲುಗಟ್ಟಿ
ಡ್ರೈವರುಗಳು ಬೀಡಿ ಹಚ್ಚುವ ಹೊತ್ತು,
ದಿಂಬಂ ತಿರುವಿನಲ್ಲಿ ಬೆಳಕಿಲ್ಲದ ಹೊತ್ತು,
ಒಂದು ಸುತ್ತು ಹೊಲಿಗೆ.

ನಿಮ್ಮ ಅಜ್ಜಿಗೆ ಇದೆಲ್ಲ ಗೊತ್ತಿತ್ತೇನೋ, ಅಂದೆ ಜಡೇಮಾದನಿಗೆ.
‘ಬಂದವರೆಲ್ಲ ಹಂಗೇ ಕೇಳ್ತಾರೆ.
ಗೊತ್ತಿರಲಿಲ್ಲ. ರಾತ್ರಿ ಅವಳು ಮಲಗ್ತಿದ್ದಳು.
ಹೊನ್ನೆ ಅಂಟಿನಲ್ಲಿ ನಮ್ಮ ಹಣೆಗೆ ಬೊಟ್ಟಿಡ್ತಿದ್ದಳು, ಅಷ್ಟೇಯ.’

ಜೀಪು ವಾಪಸ್ಸು ಕುಲುಕುತ್ತಿರುವಾಗ
ಕೆಂಪಾಜಮ್ಮನ ನೆನಪಾಯಿತು. ಮಗಳು ಸಿಂಧುವಿನ ಯೂನಿಫಾರ್ಮ್
ಆಗಸ್ಟಿಗೇ ಮೊಣಕಾಲು ಬಿಟ್ಟಿತೆಂದು
ಅಂಗಡಿ ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ಬೈದಿದ್ದಳು.
ಎರಡಿಂಚು ಒಳಮಡಿಕೆ ಬಿಟ್ಟಿದ್ದೆ. ಬಿಚ್ಚಿ ಕೊಟ್ಟೆ.
ಕೆಳಗೊಂದು ಪಟ್ಟಿ, ಬಿಸಿಲು ಕಾಣದ ನೀಲಿ,
ಮೇಲಿನದಕ್ಕೆ ಹೊಂದಲೇ ಇಲ್ಲ.
ಆ ಹುಡುಗಿ ವರ್ಷವಿಡೀ ಆ ಗೆರೆಯನ್ನು
ಚೀಲದಿಂದ ಮುಚ್ಚಿಕೊಂಡು ನಡೆದಳು.
ಹೊನ್ನೆಗೆ ಆ ನಾಚಿಕೆಯಿಲ್ಲ. ತೊಗಟೆ ಸೀಳಿ ನಿಂತಿದೆ.

ಮೂವತ್ತೂ ಚೀಲ ಮುಗಿಸಿದೆ, ಹದಿನೈದು ದಿನಕ್ಕೆ.
ತಿರುಗಿಸಿ ನೋಡಿ ವೆಣ್ಣಿಲಾ ಕೇಳಿದಳು,
ಇಲ್ಲಿ ಯಾಕೆ ಮಡಿಕೆ? ಯಂತ್ರ ಬೆಳೆಯುವುದಿಲ್ಲವಲ್ಲ ಅಕ್ಕಾ?
ಚೀಲಕ್ಕಲ್ಲ ಕಣವ್ವ, ಪಟ್ಟಿಗೆ.
ಅದು ಸುತ್ತುವುದು ಮರವನ್ನು.

ದುಡ್ಡು ಎಣಿಸಿಟ್ಟು ಅಳತೆಪುಸ್ತಕ ತೆಗೆದೆ.
ಸಿಂಧುವಿನ ಹೆಸರಿನ ಕೆಳಗೆ ಜಾಗವಿತ್ತು.
ಹನ್ನೊಂದನೇ ನಂಬರ್ ಹೊನ್ನೆ, ತಲಮಲೆ.
ಸುತ್ತಳತೆ ಐವತ್ತೆಂಟು, ಎರಡು ಗೆರೆ ಕಮ್ಮಿ.
ಮಧ್ಯಾಹ್ನ ಎರಡೂಕಾಲು.